ಪೋಲೆಂಡಿನ ಹಬ್ಬಗಳು ತಲೆಮಾರು ದಾಟುವಾಗ ಏನು ಹೋಗುತ್ತದೆ, ಏನು ಉಳಿಯುತ್ತದೆ

ಡಿಸೆಂಬರ್ 24ರಂದು ವಾರ್ಸಾದಲ್ಲಿ ಮಧ್ಯಾಹ್ನ ಮೂರೂವರೆಗೇ ಸೂರ್ಯ ಮುಳುಗುತ್ತಾನೆ. ಬೆಳಗ್ಗೆಯಿಂದ ಸರಿಯಾಗಿ ತಿನ್ನದ ಮಕ್ಕಳು ಕಿಟಕಿ ಪಕ್ಕ ನಿಂತು ಆಕಾಶ ನೋಡುತ್ತಾರೆ. ಮೊದಲ ನಕ್ಷತ್ರ ಕಾಣುವವರೆಗೆ ಊಟ ಶುರುವಾಗುವಂತಿಲ್ಲ. ಊಟದ ಮೇಜಿನ ಮೇಲೆ ಬಿಳಿ ಬಟ್ಟೆ, ಅದರ ಕೆಳಗೆ ಒಂದು ಹಿಡಿ ಒಣಹುಲ್ಲು. ಯೇಸು ಹುಟ್ಟಿದ್ದು ಕೊಟ್ಟಿಗೆಯಲ್ಲಿ ಎಂಬ ನೆನಪಿಗೆ ಆ ಹುಲ್ಲು. ಮನೆಯಲ್ಲಿ ಎಷ್ಟು ಜನರಿದ್ದಾರೋ ಅದಕ್ಕಿಂತ ಒಂದು ತಟ್ಟೆ ಜಾಸ್ತಿ ಇಟ್ಟಿರುತ್ತಾರೆ. ಹೇಳದೆ ಬರುವ ಅತಿಥಿಗೆ ಅದು. ತೀರಿಕೊಂಡವರ ನೆನಪಿಗೆ ಅಂತಲೂ ಹೇಳುವವರಿದ್ದಾರೆ.

ಈ ಸಂಜೆಯ ಹೆಸರು ವಿಗಿಲಿಯಾ. ಪೋಲೆಂಡಿನ ಮನೆಗಳಲ್ಲಿ 25ನೇ ತಾರೀಕಿನ ಕ್ರಿಸ್ಮಸ್ ದಿನಕ್ಕಿಂತ ಅದರ ಹಿಂದಿನ ಈ ಸಂಜೆಯೇ ದೊಡ್ಡದು. ಹನ್ನೆರಡು ಬಗೆಯ ಅಡುಗೆ ಮಾಡುವುದು ರೂಢಿ, ಒಂದರಲ್ಲೂ ಮಾಂಸ ಇಲ್ಲ. ಬೀಟ್‌ರೂಟ್ ಸಾರು, ಅದರಲ್ಲಿ ತೇಲುವ ಅಣಬೆ ತುಂಬಿದ ಪುಟ್ಟ ಕಡುಬು, ಎಲೆಕೋಸು ತುಂಬಿದ ಪಿಯೆರೋಗಿ ಎಂಬ ಕಡುಬು, ಹೆರಿಂಗ್ ಮೀನು, ಹುರಿದ ಕಾರ್ಪ್ ಮೀನು, ಗಸಗಸೆಯ ಸಿಹಿ, ಒಣಹಣ್ಣು ಬೇಯಿಸಿದ ಪಾನಕ. ಇವತ್ತು ಚರ್ಚು ಆ ದಿನ ಮಾಂಸ ಬಿಡಲೇಬೇಕು ಅಂತ ಕಡ್ಡಾಯ ಮಾಡಿಲ್ಲ. ಆದರೂ ಹೆಚ್ಚಿನ ಮನೆಗಳಲ್ಲಿ ಮಾಂಸ ಮೇಜಿಗೆ ಬರುವುದಿಲ್ಲ.

ಊಟಕ್ಕೆ ಮೊದಲು ಒಂದು ಕೆಲಸ ಇದೆ. ಒಪ್ವಾತೆಕ್ ಹಂಚಿಕೊಳ್ಳುವುದು. ಚರ್ಚಿನಲ್ಲಿ ಪರಮಪ್ರಸಾದಕ್ಕೆ ಬಳಸುವ ಓಸ್ತಿಯ ಜಾತಿಯದೇ ತೆಳ್ಳಗಿನ, ಬಿಳಿ ಗೋಧಿ ಹಾಳೆ ಅದು. ಮೇಲೆ ಗೋದಲಿಯ ಚಿತ್ರ ಒತ್ತಿರುತ್ತದೆ. ಪ್ರತಿಯೊಬ್ಬರ ಕೈಯಲ್ಲೂ ಒಂದು. ಒಬ್ಬರ ಹತ್ತಿರ ಹೋಗಿ, ಅವರ ಹಾಳೆಯಿಂದ ಚೂರು ಮುರಿದು, ಅವರಿಗೆ ಬರುವ ವರ್ಷಕ್ಕೆ ಏನು ಒಳ್ಳೆಯದಾಗಬೇಕೋ ಅದನ್ನು ಬಾಯಿಬಿಟ್ಟು ಹೇಳಬೇಕು. ಅವರೂ ನಿಮಗೆ ಹೇಳಬೇಕು. ಮನೆಯಲ್ಲಿ ಹತ್ತು ಜನ ಇದ್ದರೆ ಒಂಬತ್ತು ಜನರ ಜೊತೆ ಒಬ್ಬೊಬ್ಬರಾಗಿ ಇದು ನಡೆಯಬೇಕು. ವರ್ಷವಿಡೀ ಮಾತು ಬಿಟ್ಟವರೂ ಎದುರು ಬದುರು ನಿಲ್ಲಲೇಬೇಕಾಗುತ್ತದೆ. ನನ್ನ ದೃಷ್ಟಿಯಲ್ಲಿ ವಿಗಿಲಿಯಾದ ಜೀವ ಇರುವುದು ಹನ್ನೆರಡು ಅಡುಗೆಯಲ್ಲಿ ಅಲ್ಲ, ಇಲ್ಲಿ.

ಈಗ ಇದೇ ಸಂಜೆಯನ್ನು ಅಮೆರಿಕದಲ್ಲಿ, ಪೋಲೆಂಡಿನಿಂದ ಬಂದವರ ಮರಿಮಕ್ಕಳ ಮನೆಯಲ್ಲಿ ಹುಡುಕಿದರೆ ಎಷ್ಟು ಸಿಗುತ್ತದೆ? ಎಲ್ಲ ಮನೆಗೂ ಒಂದೇ ಉತ್ತರ ಇಲ್ಲ. ಆದರೆ ಮರೆಯಾಗುವುದಕ್ಕೆ ಒಂದು ಕ್ರಮ ಇದೆ, ಅದನ್ನು ನೋಡಿದರೆ ವಿಷಯ ಬಹಳ ಸ್ಪಷ್ಟವಾಗುತ್ತದೆ. ಯಾವ ಆಚರಣೆಗೆ ಇಡೀ ಊರು ಬೇಕೋ ಅದು ಮೊದಲು ಹೋಗುತ್ತದೆ. ಯಾವುದಕ್ಕೆ ಭಾಷೆ ಬೇಕೋ ಅದು ಆಮೇಲೆ. ಒಂದು ಅಡುಗೆಮನೆಯಲ್ಲಿ ಒಬ್ಬರೇ ಮಾಡಿಬಿಡಬಹುದಾದ್ದು ಕೊನೆಯವರೆಗೂ ಉಳಿಯುತ್ತದೆ. ಪಿಯೆರೋಗಿ ನಾಲ್ಕನೇ ತಲೆಮಾರಿನಲ್ಲೂ ಇರುವುದಕ್ಕೆ, ಹಾಡುಗಳು ಎರಡನೆಯದರಲ್ಲೇ ತೊದಲುವುದಕ್ಕೆ ಕಾರಣ ಇದೇ.

ಊರು ಬೇಕಾದ ಹಬ್ಬಗಳು

ಪೋಲೆಂಡಿನ ಹಳ್ಳಿಯಲ್ಲಿ ಕ್ರಿಸ್ಮಸ್ ಒಂದು ದಿನದ ಹಬ್ಬ ಆಗಿರಲಿಲ್ಲ. ಡಿಸೆಂಬರ್ ಬಂತು ಅಂದರೆ ಚರ್ಚಿನಲ್ಲಿ ಆರ್ಗನ್ ನುಡಿಸುವವನು ಮನೆಮನೆಗೆ ಒಪ್ವಾತೆಕ್ ತಲುಪಿಸುತ್ತಿದ್ದ. ಹಬ್ಬದ ನಂತರದ ದಿನಗಳಲ್ಲಿ ಹುಡುಗರು ದೊಡ್ಡ ಕಾಗದದ ನಕ್ಷತ್ರ ಹೊತ್ತು ಹಾಡುತ್ತಾ ಮನೆಮನೆ ತಿರುಗುತ್ತಿದ್ದರು. ಅವರ ಜೊತೆ ತುರೋನ್ ಎಂಬ ಕೊಂಬಿನ ಪ್ರಾಣಿಯ ವೇಷ ಇರುತ್ತಿತ್ತು, ಬಾಯಿ ಪಟಪಟ ಬಡಿಯುವಂಥದ್ದು. ಹೆರೋದ ರಾಜ, ಸಾವು, ಸೈತಾನ ಎಲ್ಲ ಸೇರಿ ಬಾಗಿಲಲ್ಲೇ ಪುಟ್ಟ ನಾಟಕ ಆಡುತ್ತಿದ್ದರು. ಪಾದ್ರಿ ಮನೆಗೆ ಬಂದು ಆಶೀರ್ವದಿಸುತ್ತಿದ್ದರು. ಜನವರಿ 6ರ ಮೂರು ರಾಜರ ಹಬ್ಬಕ್ಕೆ ಆಶೀರ್ವದಿಸಿದ ಸೀಮೆಸುಣ್ಣದಿಂದ ಬಾಗಿಲ ಮೇಲೆ ಮೂರು ಅಕ್ಷರ ಮತ್ತು ಆ ವರ್ಷ ಬರೆಯುತ್ತಿದ್ದರು.

ಇದೆಲ್ಲ ನಡೆಯಬೇಕಾದರೆ ಬಾಗಿಲು ತೆರೆಯುವ ಹತ್ತಾರು ಮನೆ ಒಂದರ ಪಕ್ಕ ಒಂದು ಇರಬೇಕು. ವೇಷ ನೋಡಿದರೆ ಯಾವ ಕಥೆ ಅಂತ ಆ ಮನೆಯವರಿಗೆ ಗೊತ್ತಿರಬೇಕು.

19ನೇ ಶತಮಾನದ ಕೊನೆಯಲ್ಲಿ ಇಂಥ ಹಳ್ಳಿಗಳಿಂದ ಜನ ಅಮೆರಿಕಕ್ಕೆ ಹೊರಟರು. ಆಗ ಭೂಪಟದಲ್ಲಿ ಪೋಲೆಂಡ್ ಎಂಬ ದೇಶವೇ ಇರಲಿಲ್ಲ. 1795ರಿಂದ 1918ರವರೆಗೆ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಅದನ್ನು ಹಂಚಿಕೊಂಡಿದ್ದವು. ಸರ್ಕಾರಿ ಕಚೇರಿಯ ಭಾಷೆ ತಮ್ಮದಲ್ಲ, ಬಹಳ ಕಡೆ ಶಾಲೆಯ ಭಾಷೆಯೂ ತಮ್ಮದಲ್ಲ. ತಾವು ಯಾರು ಎಂಬುದನ್ನು ಕಾಪಾಡಿಕೊಳ್ಳಲು ಉಳಿದ ಜಾಗ ಎರಡೇ: ಚರ್ಚ್ ಮತ್ತು ಊಟದ ಮೇಜು. ಹಬ್ಬಕ್ಕೆ ಇಷ್ಟೊಂದು ತೂಕ ಬಂದದ್ದು ಹಾಗೆ. ಮೊದಲ ಮಹಾಯುದ್ಧದ ಹೊತ್ತಿಗೆ ಸುಮಾರು 20 ಲಕ್ಷ ಜನ ಪೋಲಿಷ್ ನೆಲದಿಂದ ಅಮೆರಿಕ ತಲುಪಿದ್ದರು. ಷಿಕಾಗೋದ ಕಸಾಯಿಖಾನೆ, ಪೆನ್ಸಿಲ್ವೇನಿಯಾದ ಗಣಿ, ಬಫಲೋದ ಉಕ್ಕಿನ ಕಾರ್ಖಾನೆ, ಡೆಟ್ರಾಯಿಟ್‌ನ ಮೋಟಾರು ಕಾರ್ಖಾನೆಗಳಲ್ಲಿ ಕೆಲಸಕ್ಕೆ ಸೇರಿದರು.

ಈ ಮೊದಲ ತಲೆಮಾರು ಊರನ್ನೇ ಅಲ್ಲಿ ಮತ್ತೆ ಕಟ್ಟಿತು. ಷಿಕಾಗೋದ ಸಂತ ಸ್ತಾನಿಸ್ಲಾಸ್ ಕೋಸ್ತ್ಕಾ ಧರ್ಮಕೇಂದ್ರ ಶುರುವಾದದ್ದು 1867ರಲ್ಲಿ. 1890ರ ದಶಕದ ಕೊನೆಗೆ ಆ ಒಂದೇ ಧರ್ಮಕೇಂದ್ರದಲ್ಲಿ ಸುಮಾರು 40 ಸಾವಿರ ಜನ ಇದ್ದರು. ಪ್ರವಚನ ಪೋಲಿಷ್‌ನಲ್ಲಿ, ಪಾಪನಿವೇದನೆ ಪೋಲಿಷ್‌ನಲ್ಲಿ. ಇಂಥ ಚರ್ಚುಗಳ ಪಕ್ಕದಲ್ಲೇ ಸನ್ಯಾಸಿನಿಯರು ನಡೆಸುವ ಪೋಲಿಷ್ ಶಾಲೆ, ಅಕ್ಕಪಕ್ಕದಲ್ಲಿ ಪೋಲಿಷ್ ಬೇಕರಿ, ಮಾಂಸದಂಗಡಿ, ಪತ್ರಿಕೆ. ಅಲ್ಲಿ ಬೆಳೆದ ಮಗುವಿಗೆ ಹಬ್ಬವನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಬೀದಿಯೇ ಕಲಿಸುತ್ತಿತ್ತು.

ಬೀದಿ ಹೋದದ್ದು ಹೇಗೆ? 1924ರ ಕಾನೂನು ಪೂರ್ವ ಮತ್ತು ದಕ್ಷಿಣ ಯೂರೋಪಿನ ವಲಸೆಯನ್ನು ತೀರಾ ಕಡಿಮೆ ಮಾಡಿತು. ಹೊಸಬರು ಬರುವುದು ನಿಂತರೆ ಭಾಷೆಗೆ ಹೊಸ ರಕ್ತ ಸಿಗುವುದಿಲ್ಲ. ಎರಡನೇ ಮಹಾಯುದ್ಧದ ನಂತರ ಸೇನೆಯಿಂದ ಮರಳಿದ ಮಕ್ಕಳು ಸಾಲ ಪಡೆದು ನಗರದಾಚೆ ಹೊಸ ಬಡಾವಣೆಗಳಲ್ಲಿ ಮನೆ ಮಾಡಿದರು. ಅಲ್ಲಿ ಎಡಗಡೆ ಐರಿಷ್, ಬಲಗಡೆ ಇಟಾಲಿಯನ್, ಎದುರಿಗೆ ಜರ್ಮನ್ ಮನೆ. ಎಲ್ಲರಿಗೂ ಒಂದೇ ಮಾತು, ಇಂಗ್ಲಿಷ್. ಹಳೆಯ ಕೇರಿಗಳಲ್ಲಿ ಅಜ್ಜ ಅಜ್ಜಿಯರು ಮಾತ್ರ ಉಳಿದರು.

ಕೆಲವು ಕೇರಿಗಳನ್ನು ಬೇರೆಯವರೇ ಅಳಿಸಿದರು. ಡೆಟ್ರಾಯಿಟ್‌ನಲ್ಲಿ ಪೋಲ್‌ಟೌನ್ ಎಂಬ ಹೆಸರಿನ ಹಳೆಯ ಬಡಾವಣೆ ಇತ್ತು. ಜನರಲ್ ಮೋಟರ್ಸ್ ಕಾರ್ಖಾನೆಗೆ ಜಾಗ ಕೊಡಲು 1981ರಲ್ಲಿ ಅದನ್ನು ಕೆಡವಿದರು. ಸಾವಿರಾರು ಜನ ಮನೆ ಬಿಟ್ಟರು. ಅಮಲೋದ್ಭವ ಮಾತೆಯ ಚರ್ಚನ್ನು ಉಳಿಸಲು ಮುದುಕಿಯರು ಅದರೊಳಗೇ ಕುಳಿತು ಹೋರಾಡಿದರು. ಪೊಲೀಸರು ಅವರನ್ನು ಹೊರಗೆ ಕಳಿಸಿದ ಮೇಲೆ ಚರ್ಚೂ ಬಿತ್ತು. ಆ ಮುದುಕಿಯರು ಯಾಕೆ ಅಷ್ಟು ಹಟ ಹಿಡಿದರು ಅಂತ ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ಈಸ್ಟರ್ ಹಿಂದಿನ ಪವಿತ್ರ ಶನಿವಾರ ಮೊಟ್ಟೆ, ಬ್ರೆಡ್, ಉಪ್ಪು, ಸಾಸೇಜು, ಬೆಣ್ಣೆಯಲ್ಲಿ ಮಾಡಿದ ಕುರಿಮರಿ ತುಂಬಿದ ಬುಟ್ಟಿ ಹಿಡಿದು ಚರ್ಚಿಗೆ ಹೋಗಿ ಆಶೀರ್ವಾದ ಮಾಡಿಸುವುದು ಪೋಲಿಷ್ ಮನೆಗಳ ದೊಡ್ಡ ಆಚರಣೆ. ಬುಟ್ಟಿಯನ್ನು ಮನೆಯಲ್ಲೇ ತುಂಬಬಹುದು. ಆದರೆ ತೆಗೆದುಕೊಂಡು ಹೋಗಲು ಚರ್ಚು ಬೇಕಲ್ವಾ?

ಭಾಷೆ ಹೋದಾಗ

ಅಮೆರಿಕದಲ್ಲಿ ಇಂದು ತಾವು ಪೋಲಿಷ್ ಮೂಲದವರು ಎಂದು ಹೇಳಿಕೊಳ್ಳುವವರು ಸುಮಾರು 90 ಲಕ್ಷ. ಮನೆಯಲ್ಲಿ ಪೋಲಿಷ್ ಮಾತಾಡುವವರು 5 ಲಕ್ಷದ ಆಸುಪಾಸು. ಅವರಲ್ಲೂ ಬಹಳ ಜನ 1980ರ ನಂತರ ಬಂದವರು. ಹಳೆಯ ವಲಸೆಗಾರರ ಮರಿಮಕ್ಕಳಲ್ಲಿ ಭಾಷೆ ಹೆಚ್ಚೂ ಕಡಿಮೆ ನಿಂತೇ ಹೋಗಿದೆ.

ಭಾಷೆಗೂ ಹಬ್ಬಕ್ಕೂ ಏನು ಸಂಬಂಧ ಅಂತ ಕೇಳಬಹುದು. ಕೊಲೆಂಡಾ ಎಂಬ ಕ್ರಿಸ್ಮಸ್ ಹಾಡುಗಳನ್ನೇ ತೆಗೆದುಕೊಳ್ಳಿ. ಪೋಲೆಂಡಿನಲ್ಲಿ ಇಂಥವು ನೂರಾರು ಇವೆ. ಕೆಲವು ರಾಜನ ಮೆರವಣಿಗೆಗೆ ತಕ್ಕ ಗಾಂಭೀರ್ಯದವು, ಕೆಲವು ಜೋಗುಳ, ಕೆಲವು ಹಳ್ಳಿಯ ಕುರುಬರು ಯೇಸುವಿಗೆ ಚೀಸ್, ಬೆಣ್ಣೆ ಹೊತ್ತುಕೊಂಡು ಓಡುವ ತಮಾಷೆಯ ಹಾಡು. ಊಟ ಮುಗಿದ ಮೇಲೆ ಮಧ್ಯರಾತ್ರಿಯ ಬಲಿಪೂಜೆಗೆ ಹೊರಡುವ ತನಕ ಹಾಡುತ್ತಾರೆ. ಎರಡನೇ ತಲೆಮಾರಿಗೆ ಮಾತು ಬಾಯಿಪಾಠ, ಅರ್ಥ ಅರ್ಧ. ಮೂರನೆಯದಕ್ಕೆ ರಾಗ ಮಾತ್ರ. ನಾಲ್ಕನೆಯದು ಇಂಗ್ಲಿಷ್ ಹಾಡಿಗೆ ಬದಲಾಗುತ್ತದೆ. ಆ ಕುರುಬರ ತಮಾಷೆ ಅಲ್ಲಿಗೆ ಮುಗಿಯಿತು.

ಒಪ್ವಾತೆಕ್ ಹಂಚುವಾಗ ಹೇಳುವ ಹಾರೈಕೆಯೂ ಹೀಗೇ. ಅದಕ್ಕೆ ಬರೆದಿಟ್ಟ ಪಠ್ಯ ಇಲ್ಲ. ಅಜ್ಜಿಗೆ ಮೊಣಕಾಲು ನೋವು ಕಡಿಮೆಯಾಗಲಿ, ಅಣ್ಣನಿಗೆ ಕೆಲಸ ಸಿಗಲಿ, ತಂಗಿಯ ಪರೀಕ್ಷೆ ಚೆನ್ನಾಗಿ ಆಗಲಿ ಅಂತ ಆಯಾ ವ್ಯಕ್ತಿಗೆ ತಕ್ಕಂತೆ ಅಲ್ಲೇ ಹೊಳೆಯಬೇಕು. ಅಜ್ಜಿಗೆ ಇಂಗ್ಲಿಷ್ ಬಾರದೆ, ಮೊಮ್ಮಗನಿಗೆ ಪೋಲಿಷ್ ಬಾರದೆ ಹೋದಾಗ ಇದು ಒಂದು ನಗು, ಒಂದು ಅಪ್ಪುಗೆಗೆ ಇಳಿಯುತ್ತದೆ. ಪ್ರೀತಿ ಕಡಿಮೆಯಾಗಿಲ್ಲ, ನಿಜ. ಆದರೆ ಹಾಳೆ ಮುರಿಯುವುದು ಉಳಿದು, ಯಾತಕ್ಕೆ ಮುರಿಯುತ್ತಿದ್ದರೋ ಅದು ಸಣ್ಣಗಾಯಿತು.

ಭಾಷೆ ಎಲ್ಲ ಕಡೆ ತಾನಾಗಿಯೇ ಸವೆಯಲಿಲ್ಲ. ಬ್ರೆಜಿಲ್‌ನ ಪರಾನಾ ರಾಜ್ಯಕ್ಕೆ 1870ರ ದಶಕದಿಂದ ಪೋಲಿಷ್ ರೈತರು ಹೋಗಿ ನೆಲೆಸಿದರು. ಕಾಡು ಕಡಿದು ಹಳ್ಳಿ ಕಟ್ಟಿದರು, ಪೋಲಿಷ್ ಶಾಲೆ ನಡೆಸಿದರು. 1938ರಲ್ಲಿ ಅಲ್ಲಿನ ಅಧ್ಯಕ್ಷ ವರ್ಗಾಸ್ ಅವರ ಸರ್ಕಾರ ಎಲ್ಲರೂ ಬ್ರೆಜಿಲಿಯನ್ನರಾಗಬೇಕು ಎಂದು ಹಟ ಹಿಡಿದು ವಿದೇಶಿ ಭಾಷೆಯ ಶಾಲೆಗಳನ್ನು ಮುಚ್ಚಿಸಿತು. ಜರ್ಮನ್, ಇಟಾಲಿಯನ್ ಶಾಲೆಗಳ ಜೊತೆ ಪೋಲಿಷ್ ಶಾಲೆಗಳೂ ಹೋದವು. ಒಂದು ತಲೆಮಾರು ಅಪ್ಪ ಅಮ್ಮನ ಭಾಷೆಯನ್ನು ಓದಲು, ಬರೆಯಲು ಕಲಿಯಲೇ ಇಲ್ಲ. ಅಲ್ಲಿ ಇನ್ನೊಂದು ತೊಡಕೂ ಇದೆ. ಡಿಸೆಂಬರ್ ಅಂದರೆ ಬೇಸಿಗೆ. ಸೂರ್ಯ ಮುಳುಗುವುದು ಸಂಜೆ ಏಳಕ್ಕೆ. ಮೊದಲ ನಕ್ಷತ್ರಕ್ಕೆ ಕಾಯುವ ಮಕ್ಕಳು ಹಿಮದ ಕತ್ತಲಲ್ಲಿ ಅಲ್ಲ, ಸೆಖೆಯಲ್ಲಿ ಕಾಯಬೇಕು. ಹಾಗಿದ್ದೂ ಪರಾನಾದ ರಾಜಧಾನಿ ಕುರಿಟಿಬಾದಲ್ಲಿ ಈಸ್ಟರ್ ಬುಟ್ಟಿಯ ಆಶೀರ್ವಾದ ಇವತ್ತಿಗೂ ಇದೆ. ಹವಾಮಾನಕ್ಕಿಂತ ಶಾಲೆ ಮುಚ್ಚಿದ್ದೇ ದೊಡ್ಡ ಪೆಟ್ಟು ಅಂತ ನನಗೆ ಅನಿಸುತ್ತದೆ.

ಹವಾಮಾನ ಅಷ್ಟೇನೂ ಮುಖ್ಯವಲ್ಲ ಅನ್ನುವುದಕ್ಕೆ ನಮ್ಮ ಪಕ್ಕದಲ್ಲೇ ಒಂದು ಸಾಕ್ಷಿ ಇದೆ. ನಿಪ್ಪಾಣಿ ದಾಟಿ ಸ್ವಲ್ಪ ಮುಂದೆ ಹೋದರೆ ಕೊಲ್ಹಾಪುರ. ಅದರ ಹತ್ತಿರದ ವಳಿವಡೆಯಲ್ಲಿ 1943ರಿಂದ 1948ರವರೆಗೆ ಸುಮಾರು 5 ಸಾವಿರ ಪೋಲಿಷ್ ಜನ ಇದ್ದರು. ಹೆಚ್ಚಿನವರು ಹೆಂಗಸರು, ಮಕ್ಕಳು. 1940-41ರಲ್ಲಿ ಸೋವಿಯತ್ ಆಡಳಿತ ಪೂರ್ವ ಪೋಲೆಂಡಿನಿಂದ ಸೈಬೀರಿಯಾ, ಕಜಕಿಸ್ತಾನಕ್ಕೆ ಗಡೀಪಾರು ಮಾಡಿದ ಕುಟುಂಬಗಳು ಇರಾನ್ ಮೂಲಕ ಇಲ್ಲಿಗೆ ಬಂದಿದ್ದವು. ಜಾಮ್‌ನಗರದ ಬಳಿ ಬಾಲಾಚಡಿಯಲ್ಲಿ ಅಲ್ಲಿನ ರಾಜ ಜಾಮ್ ಸಾಹೇಬ್ ದಿಗ್ವಿಜಯಸಿಂಹಜೀ ಪೋಲಿಷ್ ಮಕ್ಕಳಿಗೆ ಆಶ್ರಯ ಕೊಟ್ಟ ಕಥೆ ಬಹಳ ಜನರಿಗೆ ಗೊತ್ತು. ವಳಿವಡೆಯ ಶಿಬಿರ ಅದಕ್ಕಿಂತ ಎಷ್ಟೋ ದೊಡ್ಡದು. ಅಲ್ಲಿ ಪೋಲಿಷ್ ಶಾಲೆ, ಚರ್ಚ್, ಸ್ಕೌಟ್ ದಳ, ನಾಟಕ ಎಲ್ಲ ಇತ್ತು. ದೇಶ ಕಳೆದುಕೊಂಡು, ದಖ್ಖನ್ನಿನ ಬಿಸಿಲಲ್ಲಿ ಸಾಲು ಮನೆಗಳಲ್ಲಿದ್ದ ಮಕ್ಕಳು ಪೋಲಿಷ್ ಆಗಿಯೇ ಬೆಳೆದರು, ಯಾಕೆಂದರೆ ಸುತ್ತಲಿನ ಊರು ಪೂರ್ತಿ ಪೋಲಿಷ್ ಆಗಿತ್ತು. ಶಿಬಿರ ಮುಚ್ಚಿದ ಮೇಲೆ ಅವರು ಇಂಗ್ಲೆಂಡ್, ಆಸ್ಟ್ರೇಲಿಯಾ, ಕೆನಡಾ, ಅಮೆರಿಕ, ಪೋಲೆಂಡ್ ಅಂತ ಚೆದುರಿದರು. ಅಲ್ಲಿಂದ ಮುಂದೆ ಹಬ್ಬದ ಭಾರ ಒಂದೊಂದು ಮನೆಯ ಮೇಲೆ ಬಿತ್ತು.

ಉಳಿದದ್ದು ಯಾಕೆ ಉಳಿಯಿತು

ಒಪ್ವಾತೆಕ್ ಉಳಿದದ್ದರ ಗುಟ್ಟು ಸರಳ. ಅದು ಲಕೋಟೆಯಲ್ಲಿ ಹಿಡಿಸುತ್ತದೆ. ತೂಕವಿಲ್ಲ, ಕೆಡುವುದಿಲ್ಲ. ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಪೋಲೆಂಡಿನ ತಾಯಂದಿರು ಕಾಗದದ ಜೊತೆ ಒಂದು ಹಾಳೆ ಇಟ್ಟು ಕಳಿಸುತ್ತಿದ್ದಾರೆ. ಕೆಲವೊಮ್ಮೆ ಮೂಲೆ ಮುರಿದು ಕಳಿಸುತ್ತಿದ್ದರು, ನಮ್ಮ ಪಾಲು ನಾವು ತಿಂದಿದ್ದೇವೆ, ಉಳಿದದ್ದು ನಿಮ್ಮದು ಎಂಬಂತೆ. ಕಾರ್ಪ್ ಮೀನನ್ನು ಹೀಗೆ ಕಳಿಸಲಾಗದು. ಅಮೆರಿಕದಲ್ಲಿ ಕಾರ್ಪ್ ಅಂದರೆ ಕೆಸರಿನ ಮೀನು ಅಂತ ಜನ ಮೂಗು ಮುರಿಯುತ್ತಾರೆ. ಅದರ ಜಾಗಕ್ಕೆ ಕಾಡ್, ಸಾಲ್ಮನ್ ಬಂತು. ಮೀನು ಬದಲಾದರೂ ಮೀನಿನ ಊಟ ಉಳಿಯಿತು. ಇಟಾಲಿಯನ್ ಮನೆತನದವರನ್ನು ಮದುವೆಯಾದ ಮನೆಗಳಲ್ಲಿ ಇದಕ್ಕೆ ಬಲವೂ ಸಿಕ್ಕಿತು. ದಕ್ಷಿಣ ಇಟಲಿಯವರೂ ಅದೇ ಸಂಜೆ ಮಾಂಸ ಬಿಟ್ಟು ಬಗೆಬಗೆಯ ಮೀನು ಮಾಡುತ್ತಾರೆ. ಎರಡೂ ಕಡೆಯ ಅಜ್ಜಿಯರ ಅಡುಗೆ ಒಂದೇ ಮೇಜಿಗೆ ಬರುವುದು ಇಂಥ ಮನೆಗಳಲ್ಲೇ.

ಇನ್ನು ಕೆಲವು ಹಬ್ಬಗಳು ಮನೆಯಿಂದ ಹೊರಬಂದು ಬೀದಿಯಲ್ಲಿ ಬೇರೆಯೇ ರೂಪ ಪಡೆದವು. ಈಸ್ಟರ್‌ಗೆ ಮೊದಲಿನ ಉಪವಾಸದ ತಪಸ್ಸು ಕಾಲ ಶುರುವಾಗುವ ಮುಂಚೆ ಮನೆಯಲ್ಲಿರುವ ಹಂದಿ ಕೊಬ್ಬು, ಮೊಟ್ಟೆ, ಸಕ್ಕರೆ ಖಾಲಿ ಮಾಡಬೇಕು. ಅದಕ್ಕೇ ಪೋಲೆಂಡಿನಲ್ಲಿ, ಆ ಕಾಲ ಶುರುವಾಗುವ ಬೂದಿ ಬುಧವಾರದ ಹಿಂದಿನ ಗುರುವಾರ ಪೊಂಚ್ಕಿ ಕರಿಯುತ್ತಾರೆ. ಒಳಗೆ ಕಾಡುಗುಲಾಬಿ ಜಾಮ್ ಅಥವಾ ಪ್ಲಮ್ ತುಂಬಿದ ಗುಂಡು ತಿಂಡಿ. ಅಮೆರಿಕದಲ್ಲಿ ಇದು ಬೂದಿ ಬುಧವಾರದ ಮುನ್ನಾದಿನ, ಮಂಗಳವಾರಕ್ಕೆ ಸರಿಯಿತು. ಅಲ್ಲಿನ ಬೇರೆ ಸಮುದಾಯಗಳ ದೊಡ್ಡ ಆಚರಣೆ ಆ ಮಂಗಳವಾರ ನಡೆಯುತ್ತಿತ್ತು. ಸುತ್ತಲಿನ ಕ್ಯಾಲೆಂಡರ್ ಹಬ್ಬವನ್ನು ತನ್ನ ಕಡೆ ಎಳೆದುಕೊಂಡಿತು. ಡೆಟ್ರಾಯಿಟ್ ನಡುವೆ ಇರುವ ಹ್ಯಾಮ್‌ಟ್ರಾಮಿಕ್ ಎಂಬ ಪುಟ್ಟ ನಗರದಲ್ಲಿ ಆ ದಿನ ಬೇಕರಿಗಳ ಮುಂದೆ ನಸುಕಿನಿಂದಲೇ ಸಾಲು. ಒಂದು ಕಾಲಕ್ಕೆ ಅದು ಪೂರಾ ಪೋಲಿಷ್ ಊರು. ಇಂದು ಅಲ್ಲಿ ಯೆಮನ್, ಬಾಂಗ್ಲಾದೇಶದಿಂದ ಬಂದವರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಸುಮಾರು ನೂರು ವರ್ಷ ಪೋಲಿಷ್ ಮೂಲದ ಮೇಯರ್‌ಗಳನ್ನೇ ಕಂಡಿದ್ದ ಆ ಊರು 2021ರಲ್ಲಿ ಯೆಮನ್ ಮೂಲದ ಮೇಯರ್ ಆರಿಸಿತು. ಊರು ಬದಲಾಯಿತು, ಪೊಂಚ್ಕಿಯ ದಿನ ಉಳಿಯಿತು.

ಬಫಲೋ ನಗರದ್ದು ಇನ್ನೂ ಸೋಜಿಗ. ಈಸ್ಟರ್ ಮಾರನೇ ದಿನ ಸೋಮವಾರ ಪೋಲೆಂಡಿನಲ್ಲಿ ಶ್ಮಿಗುಸ್-ಡಿಂಗುಸ್. ಹುಡುಗರು ಹುಡುಗಿಯರ ಮೇಲೆ ನೀರು ಎರಚುವ ದಿನ. ಅಮೆರಿಕದ ಮನೆಗಳಲ್ಲಿ ಇದು ಸೊರಗಿತ್ತು. 1960ರ ದಶಕದಲ್ಲಿ ಬಫಲೋದ ಶೊಪಾನ್ ಗಾಯನ ಸಂಘದವರು ಇದನ್ನು ದೊಡ್ಡ ಸಂತೋಷಕೂಟವಾಗಿ ಮಾಡಿದರು. ಈಗ ಅಲ್ಲಿ ಮೆರವಣಿಗೆ, ಪೋಲ್ಕಾ ಕುಣಿತ, ನೀರಿನ ಪಿಸ್ತೂಲು, ವಿಲೋ ಗಿಡದ ಮೊಗ್ಗಿನ ಕಡ್ಡಿ, ಕೆಂಪು ಬಿಳಿ ಬಟ್ಟೆ. ಸಾವಿರಾರು ಜನ ಸೇರುತ್ತಾರೆ. ಅವರಲ್ಲಿ ಪೋಲೆಂಡಿಗೆ ಯಾವ ಸಂಬಂಧವೂ ಇಲ್ಲದವರು ಎಷ್ಟೋ ಜನ. ಪೋಲೆಂಡಿನವರು ಬಂದು ನೋಡಿದರೆ ಇದು ತಮ್ಮದೇ ಅಂತ ಗುರುತಿಸಲು ಸ್ವಲ್ಪ ಹೊತ್ತು ಬೇಕಾಗುತ್ತದೆ.

ಸಮಾಜಶಾಸ್ತ್ರಜ್ಞ ಹರ್ಬರ್ಟ್ ಗ್ಯಾನ್ಸ್ 1979ರಲ್ಲಿ ಇದನ್ನು ವಿವರಿಸಿದ್ದರು. ಮೂರನೇ, ನಾಲ್ಕನೇ ತಲೆಮಾರಿಗೆ ಮೂಲದ ಗುರುತು ದಿನನಿತ್ಯದ ಬದುಕಾಗಿ ಉಳಿಯುವುದಿಲ್ಲ, ಬೇಕೆಂದಾಗ ತೊಡುವ ಸಂಕೇತವಾಗುತ್ತದೆ ಅನ್ನುವುದು ಅವರ ವಾದ. ವರ್ಷಕ್ಕೆ ಒಂದು ದಿನ ತೊಟ್ಟು ತೆಗೆದಿಡಬಹುದು, ಯಾವ ತೊಂದರೆಯೂ ಇಲ್ಲ. ಇದನ್ನು ಕೀಳಾಗಿ ಕಾಣುವವರ ಜೊತೆ ನಾನಿಲ್ಲ. ಬಫಲೋದ ಹುಡುಗನಿಗೆ ಆ ಸೋಮವಾರ ಅಜ್ಜಿಯ ಊರಿನ ಬಗ್ಗೆ ಕೇಳಬೇಕು ಅನ್ನಿಸಿದರೆ ಅದೂ ಒಂದು ಬಾಗಿಲೇ. ಆದರೆ ಮೆರವಣಿಗೆ ಬಂತು ಅಂತ ಮನೆಯೊಳಗಿನ ಆಚರಣೆ ಮರಳಿ ಬರುವುದಿಲ್ಲ. ಅವೆರಡೂ ಬೇರೆ.

ಪೋಲೆಂಡಿನಲ್ಲೇ ಏನಾಗುತ್ತಿದೆ

ವಲಸೆ ಹೋದವರು ಕಳೆದುಕೊಂಡರು, ಅಲ್ಲೇ ಇದ್ದವರು ಕಾಪಾಡಿಕೊಂಡರು ಅಂದುಕೊಂಡರೆ ತಪ್ಪು. ಅಲ್ಲಿಯೂ ಹಬ್ಬ ಪ್ರತಿ ತಲೆಮಾರಿಗೆ ಬದಲಾಗಿದೆ. ಕ್ರಿಸ್ಮಸ್ ಮರವನ್ನೇ ನೋಡಿ. ಅದು ಜರ್ಮನಿಯ ಕಡೆಯಿಂದ ಬಂದದ್ದು, ಹಳ್ಳಿಗಳಿಗೆ ತಲುಪಿದ್ದು ಬಹಳ ತಡವಾಗಿ. ಅದಕ್ಕೆ ಮೊದಲು ದಕ್ಷಿಣ ಪೋಲೆಂಡಿನಲ್ಲಿ ಸ್ಪ್ರೂಸ್ ಮರದ ತುದಿ ಕಡಿದು, ತಲೆಕೆಳಗಾಗಿ ಸೂರಿಗೆ ತೂಗುಹಾಕಿ, ಸೇಬು, ಅಕ್ರೋಟು, ಕಾಗದದ ಹೂ ಕಟ್ಟುತ್ತಿದ್ದರು. ಮನೆಯ ಮೂಲೆಯಲ್ಲಿ ಧಾನ್ಯದ ಕಂತೆ ನಿಲ್ಲಿಸುತ್ತಿದ್ದರು. ಈಗ ಅವನ್ನು ನೋಡಬೇಕಾದರೆ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಮೇಜುಬಟ್ಟೆಯ ಕೆಳಗಿನ ಒಂದು ಹಿಡಿ ಹುಲ್ಲು ಆ ಕಂತೆಯ ಹತ್ತಿರದ ನೆಂಟ.

ಕಾರ್ಪ್ ಮೀನಿನ ಕಥೆಯೂ ಅಷ್ಟೇ. ಕಾರ್ಪ್ ಸಾಕಣೆ ಪೋಲೆಂಡಿನಲ್ಲಿ ನೂರಾರು ವರ್ಷ ಹಳೆಯದು, ನಿಜ. ಆದರೆ ಅದು ದೇಶದ ಪ್ರತಿ ಮೇಜಿಗೂ ಬಂದದ್ದು ಎರಡನೇ ಮಹಾಯುದ್ಧದ ನಂತರ. ಮೀನುಗಾರಿಕೆ ದೋಣಿಗಳು ನಾಶವಾಗಿದ್ದವು. ಕಾರ್ಪ್ ಆದರೆ ಕೆರೆಯಲ್ಲಿ ಸುಲಭವಾಗಿ, ಅಗ್ಗವಾಗಿ ಬೆಳೆಯುತ್ತಿತ್ತು. ಅಂದಿನ ಕೈಗಾರಿಕಾ ಸಚಿವ ಹಿಲರಿ ಮಿಂಟ್ಸ್ ಪ್ರತಿ ಮನೆಗೂ ವಿಗಿಲಿಯಾಕ್ಕೆ ಕಾರ್ಪ್ ಎಂಬ ಕರೆಗೆ ಹೆಸರಾದರು. ಕೆಲಸದ ಜಾಗದಲ್ಲೇ ನೌಕರರಿಗೆ ಜೀವಂತ ಮೀನು ಹಂಚುತ್ತಿದ್ದರು. ಫ್ರಿಜ್ ಇಲ್ಲದ ಮನೆಗಳು ಅದನ್ನು ಸ್ನಾನದ ತೊಟ್ಟಿಯಲ್ಲಿ ಬಿಟ್ಟುಕೊಳ್ಳುತ್ತಿದ್ದವು. ಮಕ್ಕಳು ಅದಕ್ಕೆ ಹೆಸರಿಟ್ಟು, ಕೊನೆಗೆ ಅಳುತ್ತಿದ್ದರು. ಇವತ್ತು ನಲವತ್ತು ದಾಟಿದ ಪೋಲೆಂಡಿನವರಿಗೆ ಇದು ಬಾಲ್ಯದ ಗಟ್ಟಿ ನೆನಪು. ಅವರ ಮಕ್ಕಳಿಗೆ ಜೀವಂತ ಮೀನು ಚೀಲದಲ್ಲಿ ಒಯ್ಯುವುದು ಹಿಂಸೆ ಅನಿಸುತ್ತದೆ. ಈಗ ಕತ್ತರಿಸಿದ ತುಂಡು ಕೊಳ್ಳುವವರೇ ಹೆಚ್ಚುತ್ತಿದ್ದಾರೆ. ಈ ಬದಲಾವಣೆಯಲ್ಲಿ ದುಃಖಪಡುವಂಥದ್ದು ನನಗೇನೂ ಕಾಣುವುದಿಲ್ಲ.

ಕುತ್ಯಾ ಅನ್ನುವ ಸಿಹಿಯೊಂದಿದೆ. ಗೋಧಿ, ಗಸಗಸೆ, ಜೇನು, ಬೀಜಗಳು ಹಾಕಿ ಮಾಡುತ್ತಾರೆ. ಮೂಲದಲ್ಲಿ ಇದು ಪೂರ್ವದ ಗಡಿನಾಡಿನದು, ಉಕ್ರೇನಿನ, ಬೆಲಾರೂಸಿನ ಮನೆಗಳಲ್ಲೂ ಇದೆ. 1945ರಲ್ಲಿ ಪೋಲೆಂಡಿನ ಗಡಿಯನ್ನೇ ಪಶ್ಚಿಮಕ್ಕೆ ಸರಿಸಿದರು. ಪೂರ್ವದ ಲ್ವೂವ್ (ಇಂದಿನ ಉಕ್ರೇನಿನ ಲ್ವಿವ್), ವಿಲ್ನೋ (ಇಂದಿನ ಲಿಥುವೇನಿಯಾದ ವಿಲ್ನಿಯಸ್) ಕಡೆಯ ಲಕ್ಷಾಂತರ ಜನ ಗಂಟುಮೂಟೆ ಕಟ್ಟಿಕೊಂಡು ವ್ರೊತ್ಸ್‌ವಾಫ್, ಶ್ಚೆಚಿನ್ ಕಡೆಗೆ ಬಂದರು. ಕುತ್ಯಾ ಅವರ ಜೊತೆ ಬಂತು. ಅದರ ಪರಿಚಯವೇ ಇಲ್ಲದ ಪಶ್ಚಿಮದಲ್ಲಿ ಈಗ ಅದು ಕುಟುಂಬದ ಗುರುತು. ದೇಶದ ಒಳಗೂ ವಲಸೆ ಇರುತ್ತದೆ, ಒಳಗೂ ಬೇರು ಕಿತ್ತು ನೆಡುತ್ತಾರೆ.

ನಿಜವಾಗಿ ಬೇಸರ ತರುವುದು ಪ್ರಾಂತ್ಯಗಳ ಸೊಗಡು ಸವೆಯುತ್ತಿರುವುದು. ಮಕ್ಕಳಿಗೆ ಉಡುಗೊರೆ ತರುವವರು ಯಾರು ಅನ್ನುವುದಕ್ಕೆ ಪೋಲೆಂಡಿನಲ್ಲಿ ಊರಿಗೊಂದು ಉತ್ತರ ಇತ್ತು. ಪೊಜ್ನಾನ್ ಸುತ್ತಮುತ್ತ ಗ್ವಿಯಾಜ್ದೋರ್, ಉದ್ದ ಅಂಗಿಯ, ಕೈಯಲ್ಲಿ ಬೆತ್ತ ಹಿಡಿದ ಮುದುಕ. ಕ್ರಾಕೋವ್ ಕಡೆ ಪುಟ್ಟ ದೇವದೂತ. ಸಿಲೇಸಿಯಾದಲ್ಲಿ ಬಾಲಯೇಸುವೇ ತರುತ್ತಾನೆ. ಸಂತ ನಿಕೋಲಾಸ್ ಬರುವುದು ಡಿಸೆಂಬರ್ 6ಕ್ಕೆ, ಬಿಷಪ್ ಟೋಪಿ ಹಾಕಿಕೊಂಡು. ಕಮ್ಯುನಿಸ್ಟ್ ಸರ್ಕಾರ ಇವರೆಲ್ಲರ ಜಾಗಕ್ಕೆ ರಷ್ಯಾದ ಹಿಮದಜ್ಜನನ್ನು ತರಲು ನೋಡಿತು, ಜನ ಒಪ್ಪಲಿಲ್ಲ. ಸರ್ಕಾರದ ಒತ್ತಾಯಕ್ಕೆ ಆಗದ್ದು ಜಾಹೀರಾತಿಗೆ ಸಾಧ್ಯವಾಯಿತು. 1989ರಲ್ಲಿ ಕಮ್ಯುನಿಸ್ಟ್ ಆಡಳಿತ ಮುಗಿದ ನಂತರ ಅಂಗಡಿ, ಟಿವಿ, ಮಾಲ್‌ಗಳಲ್ಲಿ ಕೆಂಪು ಕೋಟಿನ ದಪ್ಪ ಸಾಂಟಾ ಎಲ್ಲ ಕಡೆ ಒಂದೇ ರೂಪದಲ್ಲಿ ನಿಂತ. ಪೊಜ್ನಾನ್‌ನವರು ಈಗಲೂ ತಮ್ಮ ಗ್ವಿಯಾಜ್ದೋರ್ ಬಿಟ್ಟುಕೊಟ್ಟಿಲ್ಲ. ಆದರೆ ಎಷ್ಟೋ ಮನೆಗಳಲ್ಲಿ ಅವನಿಗೂ ಸಾಂಟಾನ ಕೆಂಪು ಕೋಟು ಬಂದುಬಿಟ್ಟಿದೆ.

ಒತ್ತಡ ಹೊರಗಿನಿಂದ ಬಂದಾಗ ಹಬ್ಬ ಗಟ್ಟಿಯಾಗುವುದನ್ನು ಪೋಲೆಂಡ್ ಮತ್ತೆ ಮತ್ತೆ ತೋರಿಸಿದೆ. 1981ರ ಡಿಸೆಂಬರ್ 13ರಂದು ಕಮ್ಯುನಿಸ್ಟ್ ಸರ್ಕಾರ ಸೇನಾಡಳಿತ ಹೇರಿ, ಕಾರ್ಮಿಕರ ಸಾಲಿಡಾರಿಟಿ ಚಳವಳಿಯ ಸಾವಿರಾರು ಜನರನ್ನು ಬಂಧಿಸಿತು. ಹನ್ನೊಂದು ದಿನಕ್ಕೆ ವಿಗಿಲಿಯಾ. ಬಂಧನದಲ್ಲಿ ಇದ್ದವರ ಮನೆಗಳಲ್ಲಿ ಆ ಹೆಚ್ಚುವರಿ ತಟ್ಟೆ ಯಾರಿಗೆ ಅಂತ ಕೇಳುವ ಅಗತ್ಯವೇ ಇರಲಿಲ್ಲ. ಅಮೆರಿಕದ ಅಧ್ಯಕ್ಷ ರೇಗನ್ ಆ ರಾತ್ರಿ ಕಿಟಕಿಯಲ್ಲಿ ಮೇಣದಬತ್ತಿ ಹಚ್ಚಿಡಿ ಅಂತ ತಮ್ಮ ಜನರನ್ನು ಕೇಳಿಕೊಂಡರು. ಕಮ್ಯುನಿಸ್ಟ್ ಆಡಳಿತ ಹೋಗಿ ಸ್ವಾತಂತ್ರ್ಯ ಬಂದ ಮೇಲೆ ಆ ಬಿಗಿ ಸಡಿಲವಾಯಿತು. ಚರ್ಚಿನ ಲೆಕ್ಕದ ಪ್ರಕಾರವೇ ಭಾನುವಾರದ ಬಲಿಪೂಜೆಗೆ ಹೋಗುವವರು 2019ರಲ್ಲಿ ಶೇ. 36.9, ಕೋವಿಡ್ ಬಂದುಹೋದ 2021ರಲ್ಲಿ ಶೇ. 28.3. ದೊಡ್ಡ ನಗರದ ಯುವಜನರಲ್ಲಿ ದೂರವಾಗುವುದು ಇನ್ನೂ ಜಾಸ್ತಿ. ಆಶ್ಚರ್ಯ ಅಂದರೆ ಚರ್ಚಿಗೆ ಕಾಲಿಡದವರೂ ವಿಗಿಲಿಯಾ ಬಿಡುತ್ತಿಲ್ಲ. ಒಪ್ವಾತೆಕ್ ಮುರಿಯುತ್ತಾರೆ, ಮಧ್ಯರಾತ್ರಿಯ ಪೂಜೆಗೆ ಹೋಗುವುದಿಲ್ಲ. ನಂಬಿಕೆ ಹಿಂದೆ ಸರಿದ ಜಾಗದಲ್ಲಿ ಕುಟುಂಬ ನಿಂತಿದೆ.

ವಿಮಾನದ ಕಾಲದ ವಲಸೆ

2004ರ ಮೇ 1ರಂದು ಪೋಲೆಂಡ್ ಯೂರೋಪಿಯನ್ ಒಕ್ಕೂಟ ಸೇರಿತು. ಬ್ರಿಟನ್, ಐರ್ಲೆಂಡ್, ಸ್ವೀಡನ್ ತಕ್ಷಣ ಕೆಲಸದ ಬಾಗಿಲು ತೆರೆದವು. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪೋಲಿಷ್ ತಮ್ಮ ಮುಖ್ಯ ಭಾಷೆ ಎಂದವರು ಸುಮಾರು 6 ಲಕ್ಷ. ಇವರ ಪರಿಸ್ಥಿತಿ ಷಿಕಾಗೋದ ಹಳಬರದ್ದಕ್ಕಿಂತ ಪೂರಾ ಬೇರೆ. ಪೋಲಿಷ್ ಅಂಗಡಿಯಲ್ಲಿ ಒಣ ಅಣಬೆ, ಹೆರಿಂಗ್, ಒಪ್ವಾತೆಕ್ ಎಲ್ಲ ಸಿಗುತ್ತದೆ. ಫೋನಿನಲ್ಲಿ ಅಜ್ಜಿಯ ಮುಖ ಕಾಣುತ್ತದೆ. ಅಗ್ಗದ ವಿಮಾನ ಎರಡೂವರೆ ಗಂಟೆಯಲ್ಲಿ ಕ್ರಾಕೋವ್‌ಗೆ ಇಳಿಸುತ್ತದೆ.

ಇಷ್ಟೆಲ್ಲ ಇದ್ದರೆ ಹಬ್ಬ ಸುಲಭವಾಗಿ ದಾಟಬೇಕಲ್ಲ? ಇಲ್ಲೊಂದು ಸಿಕ್ಕು ಇದೆ ಅಂತ ನನ್ನ ಅನಿಸಿಕೆ. ಪ್ರತಿ ಕ್ರಿಸ್ಮಸ್‌ಗೆ ಅಜ್ಜಿಯ ಮನೆಗೆ ಹಾರಿಹೋಗುವ ಕುಟುಂಬ ಲಂಡನ್ನಿನ ತನ್ನ ಅಡುಗೆಮನೆಯಲ್ಲಿ ಹನ್ನೆರಡು ಅಡುಗೆ ಮಾಡಿರುವುದೇ ಇಲ್ಲ. ಅಜ್ಜಿ ಇರುವ ತನಕ ಎಲ್ಲ ಸೊಗಸು. ಅಜ್ಜಿಯ ಮನೆ ಮುಚ್ಚಿದ ವರ್ಷ ಬೀಟ್‌ರೂಟನ್ನು ವಾರ ಮೊದಲೇ ಹುಳಿ ಬರಿಸಿಡಬೇಕು ಅಂತ ಗೊತ್ತಿರುವವರು ಯಾರೂ ಇರುವುದಿಲ್ಲ. ಹಳೆಯ ವಲಸೆಗಾರರಿಗೆ ಮರಳುವ ದಾರಿ ಇರಲಿಲ್ಲ. ಹಾಗಾಗಿ ಅವರು ಹೋದಲ್ಲೇ ಹಬ್ಬ ಕಟ್ಟಿಕೊಳ್ಳಲೇಬೇಕಾಯಿತು. ಬ್ರಿಟನ್ನಿನ ಪೋಲಿಷ್ ಶನಿವಾರ ಶಾಲೆಗಳು ಈ ಕೊರತೆಯನ್ನು ತುಂಬಲು ಶ್ರಮಿಸುತ್ತಿವೆ. ಮಕ್ಕಳು ವಾರವಿಡೀ ಇಂಗ್ಲಿಷ್ ಶಾಲೆಗೆ ಹೋಗಿ, ಶನಿವಾರ ಮತ್ತೆ ಬೆಂಚಿನ ಮೇಲೆ ಕೂರುತ್ತಾರೆ. ಬೇಸರ ಬರುತ್ತದೆ, ಸಹಜ. ಆದರೆ ಕೊಲೆಂಡಾ ಹಾಡಿನ ಅರ್ಥ ತಿಳಿದು ಹಾಡಲು ಅವರಿಗೆ ಇರುವ ದಾರಿ ಅದೇ.

ಅಡುಗೆ ಯಾರು ಮಾಡುತ್ತಾರೆ ಅನ್ನುವ ಪ್ರಶ್ನೆಯನ್ನು ಪೋಲೆಂಡಿನ ಹೆಂಗಸರೇ ಈಗ ಜೋರಾಗಿ ಕೇಳುತ್ತಿದ್ದಾರೆ. ಹನ್ನೆರಡು ಅಡುಗೆ ಅಂದರೆ ಮೂರು ನಾಲ್ಕು ದಿನದ ಕೆಲಸ. ನೂರಾರು ಪಿಯೆರೋಗಿ ಲಟ್ಟಿಸಿ, ತುಂಬಿ, ಅಂಚು ಒತ್ತಬೇಕು. ಹಿಂದೆ ಅತ್ತೆ, ಸೊಸೆ, ನಾದಿನಿ, ಹೆಣ್ಣುಮಕ್ಕಳು ಒಟ್ಟಿಗೆ ಕುಳಿತು ಮಾಡುತ್ತಿದ್ದರು. ಈಗ ಕಚೇರಿ ಮುಗಿಸಿ ಬಂದ ಒಬ್ಬಳೇ ಮಾಡಬೇಕು, ಇಲ್ಲವೇ ಅಂಗಡಿಯಿಂದ ತರಬೇಕು. ಹಬ್ಬ ಸೊರಗಿತು ಅಂತ ದೂರುವ ಗಂಡಸರು ಮೊದಲು ಲಟ್ಟಣಿಗೆ ಹಿಡಿಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಪಿಯೆರೋಗಿ ಅಂಚು ಒತ್ತಲು ಕಲಿತ ಮಗು ಅದನ್ನು ಮರೆಯುವುದಿಲ್ಲ. ಬರೀ ತಿಂದ ಮಗುವಿಗೆ ರುಚಿ ಮಾತ್ರ ನೆನಪಿರುತ್ತದೆ.

2022ರಲ್ಲಿ ಯುದ್ಧದಿಂದ ಓಡಿಬಂದ ಲಕ್ಷಾಂತರ ಉಕ್ರೇನಿಯನ್ನರಿಗೆ ಪೋಲೆಂಡಿನ ಸಾಮಾನ್ಯ ಮನೆಗಳು ಬಾಗಿಲು ತೆರೆದವು. ಆ ಡಿಸೆಂಬರ್‌ನಲ್ಲಿ ಎಷ್ಟೋ ಮೇಜುಗಳ ಹೆಚ್ಚುವರಿ ತಟ್ಟೆಗೆ ನಿಜವಾಗಿಯೂ ಅತಿಥಿ ಸಿಕ್ಕರು. ಅವರೂ ಕ್ರಿಸ್ಮಸ್ ಹಿಂದಿನ ಸಂಜೆ ಹನ್ನೆರಡು ಅಡುಗೆ ಮಾಡುವವರು, ಮೊದಲು ತಿನ್ನುವುದು ಕುತ್ಯಾ. ಅವರ ಕ್ರಿಸ್ಮಸ್ ಮಾತ್ರ ಜನವರಿ 7ಕ್ಕೆ ಇತ್ತು. 2023ರಲ್ಲಿ ಉಕ್ರೇನ್ ಅದನ್ನೂ ಡಿಸೆಂಬರ್ 25ಕ್ಕೆ ತಂದಿತು. ಕುತ್ಯಾ ಮರೆತಿದ್ದ ಪೋಲಿಷ್ ಮನೆಗೆ ಅದು ಉಕ್ರೇನಿನ ಹೆಂಗಸಿನ ಕೈಯಿಂದ ಮರಳಿ ಬಂದರೆ, ಅದನ್ನು ಮರೆಯಾದದ್ದು ಅನ್ನಬೇಕೋ ಉಳಿದದ್ದು ಅನ್ನಬೇಕೋ ಹೇಳುವುದು ಕಷ್ಟ.

ಇಷ್ಟು ವರ್ಷ ಡಿಸೆಂಬರ್ 24 ಪೋಲೆಂಡಿನಲ್ಲಿ ಕೆಲಸದ ದಿನವೇ ಆಗಿತ್ತು. ಅಂಗಡಿಗಳು ಮಧ್ಯಾಹ್ನ ಎರಡರ ತನಕ ತೆರೆದಿರುತ್ತಿದ್ದವು. ಅಲ್ಲಿ ಕೆಲಸ ಮಾಡುವ ಹೆಂಗಸು ಮೂರಕ್ಕೆ ಮನೆ ಸೇರಿ, ಮೂರೂವರೆಗೆ ಸೂರ್ಯ ಮುಳುಗುವುದರೊಳಗೆ ಮೇಜು ಸಿದ್ಧ ಮಾಡಬೇಕಿತ್ತು. 2024ರ ಕೊನೆಯಲ್ಲಿ ಕಾನೂನು ಬದಲಾಯಿತು. 2025ರಿಂದ ಆ ದಿನ ಸಾರ್ವಜನಿಕ ರಜೆ. ಬದಲಿಗೆ ಹಬ್ಬಕ್ಕೆ ಮೊದಲಿನ ಮೂರು ಭಾನುವಾರ ಅಂಗಡಿ ತೆರೆಯಲು ಅನುಮತಿ ಸಿಕ್ಕಿತು. ಒಬ್ಬ ನೌಕರರನ್ನು ಅವುಗಳಲ್ಲಿ ಎರಡಕ್ಕಿಂತ ಹೆಚ್ಚು ದಿನ ಕೆಲಸಕ್ಕೆ ಕರೆಯುವಂತಿಲ್ಲ. ಒಟ್ಟಿಗೆ ಕುಳಿತು ಪಿಯೆರೋಗಿ ಮಾಡಲು ಮನೆಗಳಿಗೆ ಸಿಗುತ್ತಿದ್ದದ್ದೂ ಆ ಡಿಸೆಂಬರ್ ಭಾನುವಾರಗಳೇ.